ಒಂಬತ್ತನೇ ಸೂಚನೆ

ಮೆಟ್ಟಿಲ ಬುಡದಲ್ಲಿ ಹೆಣ. ಅದರಿಂದ ಮೂರು ಹೆಜ್ಜೆ ದೂರದಲ್ಲಿ ಒಂದು ಆಮೆಮರಿ ಸೊಪ್ಪು ತಿನ್ನುತ್ತಿತ್ತು.

ನನ್ನನ್ನು ಕರೆಸಿದ್ದು ಹೆಣಕ್ಕಾಗಿ ಅಲ್ಲ, ಆಮೆಮರಿಗಾಗಿ. ನಾನು ಪ್ರಾಣಿಗಳ ಡಾಕ್ಟರು. "ಇಲ್ಲೊಂದು ಆಮೆ ಇದೆ ಡಾಕ್ಟ್ರೇ, ಗೋಡೆ ಮೇಲೆ ನಿಮ್ಮ ನಂಬರ್ ಬರೆದಿದೆ, ಬಂದು ತಗೊಂಡ್ಹೋಗಿ" ಎಂದು ಫೋನ್ ಮಾಡಿದವರು ಪೊಲೀಸ್ ಇನ್ಸ್‌ಪೆಕ್ಟರ್. ಯಾರ ಮನೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಬಡಾವಣೆಯಲ್ಲಿ ಪರವಾನಗಿ ಪಡೆದು ಆಮೆ ಸಾಕುತ್ತಿದ್ದವಳು ಒಬ್ಬಳೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದ ಹುಡುಗಿ.

ನಾನು ಹೋದಾಗ ಮಧ್ಯಾಹ್ನ ಮೂರು ನಲವತ್ತು. ಹೆಣಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಒಂದು ಪಾದ ಹೊರಗೆ ಉಳಿದಿತ್ತು. ಅದರ ಕಿರುಬೆರಳಿಗೆ ಹೊಸ ಪ್ಲಾಸ್ಟರ್ ಸುತ್ತಿತ್ತು. ಬೆಳಿಗ್ಗೆ ಎದ್ದು ಬೆರಳಿನ ಸಣ್ಣ ಗಾಯಕ್ಕೆ ಪ್ಲಾಸ್ಟರ್ ಹಾಕಿಕೊಂಡವಳು ಮಧ್ಯಾಹ್ನಕ್ಕೆ ಇಲ್ಲ. ನಾನು ಆ ಕಡೆ ಮತ್ತೆ ನೋಡಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಅವಳ ಅಕ್ಕ ಕೂತಿದ್ದಳು. ಪಕ್ಕದ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ತಂದೆ ತಾಯಿ ಹೋದ ಮೇಲೆ ತಂಗಿಯನ್ನು ಸಾಕಿ ಬೆಳೆಸಿದವಳು ಇವಳೇ ಎಂದು ಬೀದಿಗೆಲ್ಲ ಗೊತ್ತು.

"ಒಂದು ಗಂಟೆಗೆ ಊಟಕ್ಕೆ ಅಂತ ಬಂದೆ," ಎಂದಳು. ಯಾರೂ ಕೇಳಿರಲಿಲ್ಲ. "ಬೀಗ ತೆಗ್ದೆ. ಪುಟ್ಟಿ ಹೀಗೇ ಬಿದ್ದಿದ್ಲು."

ಇನ್ಸ್‌ಪೆಕ್ಟರ್ ಮೇಡಂ ಮೆಟ್ಟಿಲ ಕಡೆ ಕೈ ತೋರಿಸಿದರು. ಅವರದು ಕಡಿಮೆ ಮಾತು. ಯೋಚನೆ ಬಂದಾಗ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ.

"ಕಡಿದಾದ ಮೆಟ್ಟಿಲು. ಕೈಯಲ್ಲಿ ಬಟ್ಟೆ ಬ್ಯಾಗು. ಮೇಲಿಂದ ಜಾರಿದ್ದಾಳೆ. ನೀವು ಆಮೆ ನೋಡಿ ಡಾಕ್ಟ್ರೇ."

ನೋಡಿದೆ. ನನಗೆ ರೇಗಿತು. ಒಂದು ಸಾವಿನ ಮನೆಯಲ್ಲಿ ನಿಂತು ರೇಗುವುದು ತಪ್ಪು. ಆದರೂ ರೇಗಿತು. ಆಮೆಮರಿ ಗಾಜಿನ ತೊಟ್ಟಿಯಲ್ಲಿತ್ತು. ಮೇಲೆ ಗಾಜಿನ ಮುಚ್ಚಳ. ಎರಡು ಬೆರಳಷ್ಟು ಸಂದು. ಮುಚ್ಚಳದ ಮೇಲೆ ದೀಪ. ಇದನ್ನು ಮಾಡಬೇಡ ಎಂದು ಐದು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತಲ್ಲ!

"ಇದು ಯಾವಾಗಿಂದ ಈ ಗಾಜಿನ ತೊಟ್ಟೀಲಿದೆ?" ಅಕ್ಕನನ್ನು ಕೇಳಿದೆ.

"ಮೊದಲಿಂದ್ಲೂ ಅದ್ರಲ್ಲೇ ಡಾಕ್ಟ್ರೇ."

ಅದು ನಿಜವಲ್ಲ. ಆದರೆ ದುಃಖದಲ್ಲಿರುವವರ ಮಾತನ್ನು ತಕ್ಕಡಿಗೆ ಹಾಕಬಾರದು ಎಂದುಕೊಂಡು ಸುಮ್ಮನಾದೆ. ಯಾವ ಆಮೆಯ ಮನೆ ನೋಡಿದರೂ ಫೋಟೋ ತೆಗೆದಿಡುವುದು ನನ್ನ ರೂಢಿ. ಮೊಬೈಲಿನಲ್ಲಿ ನಾಲ್ಕು ತೆಗೆದೆ. ಗೋಡೆಯ ಪ್ಲಗ್ಗಿನಲ್ಲಿ ದೀಪದ ಟೈಮರ್ ಇತ್ತು. ದುಂಡನೆಯ ತಟ್ಟೆ, ಸುತ್ತ ಗಂಟೆಗಳ ಗುರುತು. ಬೆಳಿಗ್ಗೆ ಏಳಕ್ಕೆ ದೀಪ ಹಚ್ಚಿ ಸಂಜೆ ಏಳಕ್ಕೆ ಆರಿಸುವ ಸಾಧನ. ಅದರ ತಟ್ಟೆ ಎರಡೂ ಕಾಲು ತೋರಿಸುತ್ತಿತ್ತು. ನನ್ನ ಗಡಿಯಾರದಲ್ಲಿ ಮೂರು ನಲವತ್ತು. ಇದೂ ಸರಿಯಿಲ್ಲ ಎಂದು ಗೊಣಗಿಕೊಂಡು ಮರಿಯನ್ನು ರಟ್ಟಿನ ಡಬ್ಬಿಗೆ ಹಾಕಿಕೊಂಡು ಹೊರಟೆ.

ಬಾಗಿಲ ಹತ್ತಿರ ಅಕ್ಕ ಕೂಗಿದಳು. "ಡಾಕ್ಟ್ರೇ, ದಾರೀಲಿ ಗಾಳಿ ತಾಗಿಸ್ಬೇಡಿ ಅದಕ್ಕೆ."

*

ಆ ಮರಿಯ ಹೆಸರು ಗುಂಡಿ. ಮೊದಲ ದಿನ ನನ್ನ ಮೇಜಿನ ಮೇಲೆ ಇಟ್ಟಾಗ ದೊಡ್ಡ ಕೋಟಿನ ಗುಂಡಿಗಿಂತ ಸ್ವಲ್ಪ ಹೆಚ್ಚಿತ್ತು ಅಷ್ಟೆ. ಅಂದು ಅಕ್ಕ ತಂಗಿ ಇಬ್ಬರೂ ಬಂದಿದ್ದರು. ಮರಿಯನ್ನು ತಂದುಕೊಟ್ಟವಳು ಅಕ್ಕ. ಹಿಗ್ಗಿ ಕುಣಿಯುತ್ತಿದ್ದವಳು ತಂಗಿ.

"ಎಷ್ಟು ವರ್ಷ ಬದುಕುತ್ತೆ ಡಾಕ್ಟ್ರೇ?"

"ಚೆನ್ನಾಗಿ ನೋಡ್ಕೊಂಡ್ರೆ ನಿನ್ನ ಮೊಮ್ಮಕ್ಕಳೂ ಇದಕ್ಕೆ ಸೊಪ್ಪು ಹಾಕ್ತಾರೆ."

"ನೋಡ್ದ್ಯಾ ಅಕ್ಕ? ಇನ್ನು ನಾನೆಲ್ಲಿಗೂ ಹೋಗೋ ಹಾಗಿಲ್ಲ!" ಎಂದು ಅವಳು ನಕ್ಕಳು. ಅಕ್ಕನೂ ನಕ್ಕಿದ್ದಳು.

ಆಮೆಮರಿ ತಂದವರಿಗೆಲ್ಲ ನಾನೊಂದು ಹಾಳೆ ಕೊಡುತ್ತೇನೆ. ಹತ್ತು ಸೂಚನೆ. ನಾಲ್ಕು ಅಂಗುಲ ಮಣ್ಣು ಮತ್ತು ತೆಂಗಿನ ನಾರಿನ ಪುಡಿ, ಹಿಂಡಿದರೆ ಅಂಟುವಷ್ಟು ತೇವ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು, ಮರಿಗೆ ಬೇಕಾದ ಕಡೆ ಅದೇ ಹೋಗಲಿ. ಅವಿತುಕೊಳ್ಳಲು ಅಡ್ಡ ಮಲಗಿಸಿದ ಹೂಕುಂಡ. ಮೂಗು ಮುಳುಗದಷ್ಟು ಆಳದ ನೀರಿನ ತಟ್ಟೆ. ಬೆಳಿಗ್ಗೆ ಉಗುರು ಬೆಚ್ಚಗಿನ ನೀರಲ್ಲಿ ಹದಿನೈದು ನಿಮಿಷ ಸ್ನಾನ. ಸೊಪ್ಪಿನ ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಒಂಬತ್ತನೆಯದು: ಮರಿ ಅಲುಗಾಡದೆ ಬಿದ್ದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ, ಅಂಗೈಯಲ್ಲಿ ಬೆಚ್ಚಗೆ ಹಿಡಿದು ಅರ್ಧ ಗಂಟೆ ಕಾಯಿರಿ.

ಎಂಟನೆಯದು ತಪ್ಪಿತ್ತು. ನನ್ನದೇ ತಪ್ಪು. ತೇವ ಆರದಿರಲಿ ಎಂದು 'ಎರಡು ಬೆರಳ ಸಂದು ಬಿಟ್ಟು ಗಾಜಿನ ಮುಚ್ಚಳ ಹಾಕಿ, ಅದರ ಮೇಲೆ ದೀಪ ಇಡಿ, ಮಣ್ಣಿನಿಂದ ಹನ್ನೆರಡು ಅಂಗುಲ' ಎಂದು ಬರೆದಿದ್ದೆ. ಎರಡು ತಿಂಗಳಿಗೆ ಹುಡುಗಿ ಒಬ್ಬಳೇ ಬಂದಳು. ಗುಂಡಿಯ ಚಿಪ್ಪು ಒತ್ತಿದರೆ ಬಗ್ಗುತ್ತಿತ್ತು.

"ಬಿಸಿಲಲ್ಲಿರೋ ಯುವಿ ಕಿರಣ ಈ ದೀಪದಲ್ಲೂ ಇದೆ, ಅದ್ರಿಂದ್ಲೇ ಚಿಪ್ಪು ಗಟ್ಟಿಯಾಗೋದು ಅಂದ್ರಿ," ಎಂದಳು. "ಆದ್ರೆ ಡಾಕ್ಟ್ರೇ, ಗಾಜು ಆ ಕಿರಣಾನ ತಡೆಯುತ್ತೆ ಅಲ್ವಾ? ನಮ್ಮ ಅಂಗಡೀಲಿ ದಿನಾ ಅದೇ ಹೇಳಿ ಕನ್ನಡಕ ಮಾರ್ತೀವಿ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ. ಅಂದು ನನ್ನ ಪಾಡು ಅದೇ. ಅವಳ ಕೈಯಿಂದ ಹಾಳೆ ಕಿತ್ತುಕೊಂಡು ಹರಿದೆ. ಕಪಾಟಿನಲ್ಲಿದ್ದ ಹಾಳೆಗಳನ್ನೂ ಹರಿದು, ತಿದ್ದಿದ ಹಾಳೆ ಕೊಟ್ಟೆ. ಮುಂದಿನ ವಾರವೇ ಅವಳು ಮದುವೆಯಾಗಲಿದ್ದ ಬಡಗಿಯ ಕೈಯಲ್ಲಿ ಮರದ ಪೆಟ್ಟಿಗೆ ಮಾಡಿಸಿದಳು. ಮೇಲೆ ತಂತಿ ಜಾಲರಿ, ಗಾಜಿನ ಚೂರೂ ಇಲ್ಲ. ನಾನೇ ಹೋಗಿ ನೋಡಿ ಬಂದಿದ್ದೆ; ಪೆಟ್ಟಿಗೆ ಮೆಟ್ಟಿಲ ಬುಡದಲ್ಲಿತ್ತು, ಹಳೇ ಗಾಜಿನ ತೊಟ್ಟಿ ಅಟ್ಟ ಸೇರಿತ್ತು. ಮೂರು ತಿಂಗಳಲ್ಲಿ ಚಿಪ್ಪು ಗಟ್ಟಿಯಾಗಿತ್ತು.

ಸಂಜೆ ಕ್ಲಿನಿಕ್ಕಿನಲ್ಲಿ ಗುಂಡಿಯನ್ನು ತೂಗಿದೆ. ಅರವತ್ತಮೂರು ಗ್ರಾಂ. ಚಿಪ್ಪಿನ ಎಡ ಅಂಚು ಹೊಸದಾಗಿ ತರಚಿತ್ತು. ಹಿಂಗಾಲಿನ ಮಡಿಕೆಯಲ್ಲಿ ಏನೋ ಚುಚ್ಚಿಕೊಂಡಿತ್ತು. ಚಿಮಟದಲ್ಲಿ ತೆಗೆದೆ. ಮರದ ಸಿಬಿರು. ಗಾಜಿನ ತೊಟ್ಟಿಯಲ್ಲಿ ಮರದ ಸಿಬಿರು ಎಲ್ಲಿಂದ ಬಂತು?

ಕೇಳಬೇಕಾದ ಪ್ರಶ್ನೆ. ಅಂದು ನಾನು ಕೇಳಿಕೊಳ್ಳಲಿಲ್ಲ. ಅಳುವುದರಲ್ಲಿದ್ದೆ.

*

ಮರುದಿನ ಬೆಳಿಗ್ಗೆ ಬಡಗಿಯನ್ನು ಹಿಡಿದರು.

ಹನ್ನೊಂದು ಗಂಟೆ ಹೊತ್ತಿಗೆ ಅವನು ಆ ಮನೆಯ ಬಾಗಿಲಿಂದ ಬಿರಬಿರನೆ ಹೋದದ್ದನ್ನು ಎದುರುಮನೆಯವರು ನೋಡಿದ್ದರು. ಹೆಣ ಕೊಯ್ದ ಡಾಕ್ಟರು ಫೋನಿನಲ್ಲಿ ಹೇಳಿದ ಪ್ರಕಾರ ಜೀವ ಹೋದದ್ದು ಹೆಚ್ಚುಕಡಿಮೆ ಹನ್ನೆರಡಕ್ಕೆ. ತೋಳಿನ ಮೇಲೆ ಬೆರಳಿನ ಗುರುತಿತ್ತು. ಯಾರೋ ಹಿಡಿದೆಳೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದಕ್ಕೆ ಇಷ್ಟು ಸಾಕು.

ಇನ್ಸ್‌ಪೆಕ್ಟರ್ ಮೇಡಂ ನನ್ನನ್ನು ಠಾಣೆಗೆ ಕರೆಸಿದರು.

"ಇವನು ಒಂದೇ ಸಮನೆ ತನ್ನ ಪೆಟ್ಟಿಗೆ ಎಲ್ಲಿ ಅಂತ ಕೇಳ್ತಿದ್ದಾನೆ. ಮದುವೆ ಆಗ್ಬೇಕಾದ ಹುಡುಗಿ ಸತ್ತಿದ್ದಾಳೆ, ಇವನಿಗೆ ಪೆಟ್ಟಿಗೆ ಚಿಂತೆ. ಯಾವ ಪೆಟ್ಟಿಗೆ ಡಾಕ್ಟ್ರೇ ಅದು?"

ಬಡಗಿ ಬೆಂಚಿನ ಮೇಲೆ ಕುಕ್ಕರಿಸಿದ್ದ. ಅತ್ತು ಅತ್ತು ಮುಖ ಊದಿತ್ತು.

"ಗುಂಡಿದು ಸರ್. ನಾನು ಮಾಡ್ಕೊಟ್ಟಿದ್ದು. ಫೋಟೋ ತೋರಿಸಿದ್ರು, ಅದ್ರಲ್ಲಿ ಗಾಜಿನ ತೊಟ್ಟಿ ಇತ್ತು. ನನ್ನ ಪೆಟ್ಟಿಗೆ ಇಲ್ಲ."

"ನಿನ್ನೆ ಹನ್ನೊಂದಕ್ಕೆ ಅಲ್ಲಿಗೆ ಯಾಕೆ ಹೋಗಿದ್ದೆ?" ನಾನು ಕೇಳಿದೆ.

"ಪೆಟ್ಟಿಗೆ ಸಾಗಿಸೋಕೆ. ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು. ಇಬ್ರೂ ಹೋಗೋದು ಅಂತಿತ್ತು. ನಿನ್ನೆ ಬೆಳಿಗ್ಗೆ ಅಕ್ಕಂಗೆ ಹೇಳ್ತೀನಿ, ಹನ್ನೊಂದಕ್ಕೆ ಬಾ ಅಂದಿದ್ಲು. ಬಾಗಿಲು ಬಡಿದೆ. ತೆಗೀಲಿಲ್ಲ."

"ಮನೇಲಿ ಇಲ್ಲ ಅಂತ ಬಂದ್ಯಾ?"

"ಇದ್ಲು ಸರ್." ಅವನು ಮುಖ ಒರೆಸಿಕೊಂಡ. "ಒಳಗೆ ಗುಡಿಸೋ ಸದ್ದು ಕೇಳ್ತಿತ್ತು. ಬಡಿದ ತಕ್ಷಣ ನಿಂತುಹೋಯ್ತು. ಬರಲ್ಲ ಅಂತ ಮನಸ್ಸು ಬದಲಾಯಿಸಿದ್ದಾಳೆ, ಹೇಳೋಕೆ ಮುಖ ಇಲ್ಲ ಅಂದ್ಕೊಂಡೆ. ಸಿಟ್ಟು ಬಂತು. ಹೊರಟುಬಿಟ್ಟೆ."

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಸುಳ್ಳು. ಒಳಗೆ ಹೋಗಿದ್ದಾನೆ. ಜಗಳ ಆಗಿದೆ. ತಳ್ಳಿದ್ದಾನೆ. ಪೆಟ್ಟಿಗೆ ಒಡೆದು ಸಾಗಿಸಿದ್ದಾನೆ."

"ಸರಿ. ಆಮೇಲೆ ಗಾಜಿನ ತೊಟ್ಟಿ ಜೋಡಿಸಿದ್ದು ಯಾರು?"

"ಅವನೇ."

"ಅವನಾಗಿರೋಕೆ ಸಾಧ್ಯವೇ ಇಲ್ಲ ಮೇಡಂ. ಗಾಜು ಬೇಡ ಅಂತಲೇ ಅವನು ಪೆಟ್ಟಿಗೆ ಮಾಡಿದ್ದು. ಆ ಹುಡುಗಿಯೂ ಅಲ್ಲ. ಅವಳೇ ನನಗೆ ಪಾಠ ಹೇಳಿದವಳು."

ಮೇಡಂ ಪೆನ್ನಿನ ಮುಚ್ಚಳ ಬಾಯಿಗಿಟ್ಟರು. ನಾನು ಮೊಬೈಲು ತೆಗೆದು ಫೋಟೋ ದೊಡ್ಡದು ಮಾಡಿದೆ. ನಿನ್ನೆ ರೇಗಿದ್ದ ಕಣ್ಣಿಗೆ ಕಾಣದ್ದು ಇಂದು ಕಂಡಿತು. ಮಣ್ಣು ಸಮ ನಾಲ್ಕು ಅಂಗುಲ. ಮುಚ್ಚಳದಲ್ಲಿ ಎರಡು ಬೆರಳ ಸಂದು. ತೊಟ್ಟಿಯ ಹಿಂದಿನ ಗೋಡೆಯ ಮೇಲೆ ದೀಪದ ಎತ್ತರಕ್ಕೆ ಸರಿಯಾಗಿ ನೀಲಿ ಬಣ್ಣದ ಸಣ್ಣ ಗೀರು. ಯಾರೋ ಅಳೆದು ಗುರುತು ಮಾಡಿದ್ದರು. ಹನ್ನೆರಡು ಅಂಗುಲ.

ಅದು ನನ್ನ ಎಂಟನೇ ಸೂಚನೆ. ನಾನು ಹರಿದು ಹಾಕಿದ್ದ ತಪ್ಪು. ಅದನ್ನು ಯಾರೋ ಒಂದಕ್ಷರ ಬಿಡದೆ ಪಾಲಿಸಿದ್ದರು.

*

"ಮೇಡಂ, ನಿನ್ನೆ ಆ ಬೀದೀಲಿ ಕರೆಂಟ್ ಹೋಗಿತ್ತಾ ಕೇಳಿ," ಎಂದೆ.

ವಿದ್ಯುತ್ ಕಚೇರಿಗೆ ಫೋನ್ ಹೋಯಿತು. ಹೋಗಿರಲಿಲ್ಲ. ಆ ವಾರದಲ್ಲಿ ಒಂದು ನಿಮಿಷವೂ ಹೋಗಿರಲಿಲ್ಲ.

"ಹಾಗಾದ್ರೆ ಇಲ್ಲಿ ನೋಡಿ. ಈ ಟೈಮರಿನ ತಟ್ಟೆ ಕರೆಂಟಿನಲ್ಲೇ ತಿರುಗೋದು. ಪ್ಲಗ್ಗು ಕಿತ್ತರೆ ಅಲ್ಲೇ ನಿಲ್ಲುತ್ತೆ. ಮತ್ತೆ ಚುಚ್ಚಿದ್ರೆ ಬಿಟ್ಟ ಕಡೆಯಿಂದ ಶುರು. ನಾನು ಫೋಟೋ ತೆಗೆದಾಗ ಮೂರು ನಲವತ್ತು. ತಟ್ಟೆ ತೋರಿಸ್ತಿರೋದು ಎರಡೂ ಕಾಲು. ಎಂಬತ್ತೈದು ನಿಮಿಷ ಹಿಂದೆ. ಆ ಹುಡುಗಿ ಪ್ರತಿ ಭಾನುವಾರ ಗುಂಡೀನ ತೂಗಿ, ಟೈಮರ್ ಸರಿ ಮಾಡಿ, ನನಗೆ ಫೋಟೋ ಕಳಿಸ್ತಿದ್ಲು. ಮೊನ್ನೆ ಭಾನುವಾರ ಸರಿಯಾಗೇ ಇತ್ತು."

"ಅಂದ್ರೆ?"

"ಅವಳು ಬಿದ್ದದ್ದು ಪೆಟ್ಟಿಗೆ ಮೇಲೆ. ಅದು ಮೆಟ್ಟಿಲ ಬುಡದಲ್ಲೇ ಇತ್ತು. ಪೆಟ್ಟಿಗೆ ಒಡೀತು, ದೀಪದ ವೈರು ಎಳೆದು ಪ್ಲಗ್ಗು ಕಿತ್ತು ಬಂತು. ಗುಂಡಿ ಕಾಲಲ್ಲಿ ಮರದ ಸಿಬಿರು ಸಿಕ್ತು. ಆಮೇಲೆ ಎಂಬತ್ತೈದು ನಿಮಿಷ ಯಾರೋ ಆ ಮನೇಲಿದ್ರು. ಚೂರು ಎತ್ತಿ, ಮಣ್ಣು ಗುಡಿಸಿ, ಅಟ್ಟದ ಮೇಲಿದ್ದ ಹಳೇ ಗಾಜಿನ ತೊಟ್ಟಿ ಇಳಿಸಿ, ಹೊಸ ಮಣ್ಣು ಕಲಸಿ, ದೀಪ ಹಾಕಿ ಪ್ಲಗ್ಗು ಚುಚ್ಚಿದ್ರು. ಬಡಗಿ ಕೇಳಿದ್ದು ಅವರು ಗುಡಿಸೋ ಸದ್ದು."

"ಹಳೇ ಹಾಳೆ ಇನ್ಯಾರ ಹತ್ರ ಇತ್ತು?"

ಆ ಪ್ರಶ್ನೆ ನನಗೆ ಬೇಡವಾಗಿತ್ತು. ಉತ್ತರ ಆಗಲೇ ನೆನಪಾಗಿತ್ತು. ಮೊದಲ ದಿನ ಅಕ್ಕ ಬಾಗಿಲವರೆಗೆ ಹೋದವಳು ಹಿಂದಕ್ಕೆ ಬಂದಿದ್ದಳು. "ನನಗೂ ಒಂದು ಹಾಳೆ ಕೊಡಿ ಡಾಕ್ಟ್ರೇ. ಪುಟ್ಟಿಗೆ ಹುಷಾರಿಲ್ಲದಾಗ ನಾನೇ ನೋಡ್ಕೋಬೇಕಲ್ಲ." ತಪ್ಪು ತಿಳಿದ ದಿನ ಹುಡುಗಿಯ ಹಾಳೆ ಹರಿದೆ, ನನ್ನವನ್ನು ಹರಿದೆ. ಅಕ್ಕನ ಹಾಳೆ ನೆನಪೇ ಆಗಲಿಲ್ಲ.

ಹೇಳಿದೆ. ಮೇಡಂ ತಲೆ ಅಲ್ಲಾಡಿಸಿದರು.

"ಆಗಲ್ಲ. ಹನ್ನೆರಡು ಗಂಟೆಗೆ ಅವಳು ಅಂಗಡೀಲಿದ್ಲು. ಒಬ್ಬ ತಾಯಿ ಮಗಳನ್ನ ಕರ್ಕೊಂಡು ಯೂನಿಫಾರಂ ಅಳತೆ ಕೊಡೋಕೆ ಹೋಗಿದ್ರು. ಹತ್ತು ನಿಮಿಷ ಮುಂಚೇನೇ ಅವಳಿದ್ದದ್ದನ್ನ ಮಗ್ಗುಲಂಗಡಿಯವರು ನೋಡಿದ್ದಾರೆ. ಹುಡುಗಿ ಸತ್ತಿದ್ದೂ ಹನ್ನೆರಡಕ್ಕೆ."

"ಸತ್ತಿದ್ದು ಹನ್ನೆರಡಕ್ಕೆ ಮೇಡಂ. ಬಿದ್ದಿದ್ದು?"

ಮುಚ್ಚಳ ಬಾಯಿಂದ ಕೆಳಗೆ ಬಿತ್ತು.

"ಅಕ್ಕ ಹನ್ನೆರಡಕ್ಕೆ ಹತ್ತು ನಿಮಿಷ ಇರೋವಾಗ ಅಂಗಡಿಗೆ ಬಂದಿದ್ರೆ, ಪ್ಲಗ್ಗು ಚುಚ್ಚಿದ್ದು ಅದಕ್ಕಿಂತ ಮುಂಚೆ. ಅದರಿಂದ ಎಂಬತ್ತೈದು ನಿಮಿಷ ಹಿಂದಕ್ಕೆ ಹೋಗಿ. ಹತ್ತೂ ಇಪ್ಪತ್ತೈದು. ಅಷ್ಟರೊಳಗೆ ಹುಡುಗಿ ಬಿದ್ದಾಗಿತ್ತು."

ಹೆಣ ಕೊಯ್ದ ಡಾಕ್ಟರಿಗೆ ಮೇಡಂ ಫೋನ್ ಮಾಡಿದರು. ಅತ್ತ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಮೇಡಂ "ಹೌದಾ", "ಎಷ್ಟು ಹೊತ್ತು", "ಬರೆದು ಕಳಿಸಿ" ಎಂದರು. ಫೋನಿಟ್ಟು ನನ್ನ ಕಡೆ ತಿರುಗಿದರು.

"ತಲೆಯೊಳಗೆ ನಿಧಾನವಾಗಿ ರಕ್ತ ತುಂಬಿದೆಯಂತೆ," ಎಂದರು. "ಒಂದೂವರೆ, ಎರಡು ಗಂಟೆ ಹೊತ್ತು. ಪ್ರಜ್ಞೆ ಇರಲ್ಲ. ಉಸಿರು ಇರುತ್ತೆ."

*

ಟೈಲರ್ ಅಂಗಡಿಯ ಬಾಗಿಲು ತೆರೆದೇ ಇತ್ತು. ತಂಗಿಯ ಹೆಣ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಬಂದೆ ಎಂದಳು ಅಕ್ಕ. ಯಂತ್ರದ ಮೇಲೆ ಅರ್ಧ ಹೊಲಿದ ಯೂನಿಫಾರಂ. ಹಲಗೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣ.

"ಗುಂಡಿ ತಿಂತಿದೆಯಾ ಡಾಕ್ಟ್ರೇ?"

"ತಿಂತಿದೆ."

ಮೇಡಂ ನಿಂತೇ ಮಾತಾಡಿದರು. "ನಿನ್ನೆ ಬೆಳಿಗ್ಗೆ ಅಂಗಡಿ ತೆಗೆದು ಮನೆಗೆ ವಾಪಸ್ ಹೋಗಿದ್ರಿ."

"ಇಲ್ಲ ಮೇಡಂ. ಒಂದಕ್ಕೇ ಹೋಗಿದ್ದು."

"ಮರದ ಪೆಟ್ಟಿಗೆ ಎಲ್ಲಿ?"

"ಯಾವ ಪೆಟ್ಟಿಗೆ?"

ಅವಳ ಬಾಯಿ ಇಲ್ಲ ಎನ್ನುತ್ತಿತ್ತು. ಕಣ್ಣು ಮಾತ್ರ ಚಿಂದಿ ಬಟ್ಟೆ ತುಂಬಿದ್ದ ಮೂಲೆಯ ಚೀಲದ ಕಡೆ ಹೋಗಿ ಬಂತು. ಜೊತೆಗೆ ಬಂದಿದ್ದ ಕಾನ್ಸ್‌ಟೇಬಲ್ ಚೀಲ ಬೋರಲು ಹಾಕಿದರು. ಬಟ್ಟೆ ಚೂರುಗಳ ನಡುವಿಂದ ಹಲಗೆಗಳು ಉರುಳಿದವು. ತಂತಿ ಜಾಲರಿ. ಒಂದು ಹಲಗೆಯ ಮೂಲೆ ಕಪ್ಪಗಾಗಿತ್ತು, ಅದಕ್ಕೆ ನಾಲ್ಕೈದು ಉದ್ದ ಕೂದಲು ಅಂಟಿದ್ದವು.

ಅವಳು ಯಂತ್ರದ ಮುಂದೆ ಕೂತಳು.

"ಅಂಗಡಿ ತೆಗ್ದೆ," ಎಂದಳು. "ಫೋನ್ ಮಾಡಿದ್ಲು, ಅಕ್ಕ ಒಂದು ಮಾತಿದೆ ಅಂತ. ಹೋದೆ. ಮೇಲೆ ನಿಂತಿದ್ಲು, ಬ್ಯಾಗ್ ಹಿಡ್ಕೊಂಡು. ಇವತ್ತೇ ಹೊರಡ್ತೀನಿ ಅಂದ್ಲು. ಇವತ್ತೇ! ನನ್ನ ಹತ್ರ ಒಂದು ವಾರ ಮೊದಲು ಹೇಳೋಕಾಗಲ್ವಾ? ಎಂಟು ವರ್ಷದವಳಿದ್ಲು ಮೇಡಂ, ಅವತ್ತಿಂದ ನನ್ನ ಕೈತುತ್ತು. ಗುಂಡೀನ ಯಾಕೆ ತಂದುಕೊಟ್ಟೆ ಗೊತ್ತಾ ಡಾಕ್ಟ್ರೇ? ಅದೊಂದಿದ್ರೆ ಮನೆ ಬಿಟ್ಟು ಹೋಗಲ್ಲ ಅಂತ. ಅದನ್ನೂ ತಗೊಂಡು ಹೋಗ್ತೀನಿ ಅಂದ್ಲು."

"ಏನು ಮಾಡಿದ್ರಿ?"

"ತೋಳು ಹಿಡಿದೆ. ಕೊಸರಿಕೊಂಡ್ಲು. ಬ್ಯಾಗ್ ಹಿಡ್ದೆ. ನಾನೂ ಎಳೆದೆ, ಅವಳೂ ಎಳೆದ್ಲು. ಹಿಂದೆ ಮೆಟ್ಟಿಲಿದೆ ಅಂತ ಗೊತ್ತಿತ್ತು ನನಗೆ." ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. "ಹಾಗಾದ್ರೆ ಹೋಗು ಅಂತ ಬಿಟ್ಟೆ."

ಹೊರಗೆ ರಸ್ತೆಯಲ್ಲಿ ಯಾರೋ ನಗುತ್ತಾ ಹೋದರು.

"ಯಾರನ್ನಾದ್ರೂ ಕರೀಬಹುದಿತ್ತಲ್ಲ?" ನಾನೇ ಕೇಳಿದೆ. ಕೇಳಬಾರದಿತ್ತು.

"ಸತ್ತುಹೋಗಿದ್ಲು ಡಾಕ್ಟ್ರೇ. ಇನ್ನು ಕರೆದು ಏನು? ಗುಂಡಿ ಮಗುಚಿ ಬಿದ್ದಿತ್ತು, ಮಣ್ಣಲ್ಲಿ. ಕಾಲು ತಲೆ ಎಲ್ಲ ಒಳಗೆ. ಅಲುಗಾಡ್ತಿರ್ಲಿಲ್ಲ. ಪುಟ್ಟಿ ಇದ್ದಿದ್ರೆ ಮೊದಲು ಅದನ್ನೇ ಎತ್ಕೊಳ್ತಿದ್ಲು. ನೀವು ಕೊಟ್ಟ ಹಾಳೆ ಇತ್ತಲ್ಲ, ತೆಗೆದು ಓದಿದೆ."

ಯಂತ್ರದ ಡ್ರಾಯರ್ ಎಳೆದಳು. ದಾರದುಂಡೆಗಳ ಕೆಳಗಿಂದ ನನ್ನ ಹಾಳೆ ಬಂತು. ನಾಲ್ಕು ಮಡಿಕೆ, ಅಂಚಿನಲ್ಲಿ ಒಣಗಿದ ಮಣ್ಣು. ಅವಳ ಬೆರಳು ಒಂಬತ್ತನೇ ಸಾಲಿನ ಮೇಲೆ ನಿಂತಿತು.

"ಅಲುಗಾಡದೆ ಬಿದ್ದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ ಅಂತ ಬರೆದಿದ್ರಿ. ಹಾಗೇ ಮಾಡ್ದೆ. ಅಂಗೈಯಲ್ಲಿ ಹಿಡ್ಕೊಂಡೆ. ಉಸಿರು ಬಿಟ್ಟು ಬಿಸಿ ಮಾಡ್ದೆ. ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಕಾದೆ. ತಲೆ ಹೊರಗೆ ಹಾಕ್ತು ಡಾಕ್ಟ್ರೇ! ಆಮೇಲೆ ಅದಕ್ಕೆ ಮನೆ ಬೇಕಲ್ಲ. ಎಲ್ಲ ಅಳತೆ ಪ್ರಕಾರ ಮಾಡ್ದೆ. ಸರಿಯಾಗಿತ್ತಲ್ವಾ?"

ಎಂಟನೇ ಸಾಲು ತಪ್ಪೆಂದು ಈಗ ಯಾವ ಬಾಯಲ್ಲಿ ಹೇಳಲಿ?

"ತಂಗಿಯನ್ನ ಮುಟ್ಟಿ ನೋಡಿದ್ರಾ?" ಮೇಡಂ ಕೇಳಿದರು. ಅವರ ದನಿ ಮೆತ್ತಗಾಗಿತ್ತು. ನಾನು ಅವರಿಂದ ಆ ದನಿ ಕೇಳಿದ್ದು ಅದೊಂದೇ ಸಲ.

"ಮುಖ ಒರೆಸಿದೆ. ಅವಳೂ ಅಲುಗಾಡ್ತಿರ್ಲಿಲ್ಲ ಮೇಡಂ."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಬೆರಳು ಇನ್ನೂ ಹಾಳೆಯ ಮೇಲಿತ್ತು. ಅವಳು ಕೆಳಗೆ ನೋಡಿದಳು. ಆ ಸಾಲನ್ನು ಮತ್ತೊಮ್ಮೆ, ತುಟಿ ಆಡಿಸುತ್ತಾ, ಶಾಲೆಯ ಮಗುವಿನಂತೆ ಓದಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಡಾಕ್ಟ್ರೇ, ಪುಟ್ಟಿ..."

ಮೇಡಂ ಕೈಯಲ್ಲಿ ಹೆಣ ಕೊಯ್ದ ಡಾಕ್ಟರ ವರದಿ ಇತ್ತು. ಕಾನೂನು ಪ್ರಕಾರ ಆಕೆಗೆ ಅದನ್ನು ಒಂದಲ್ಲ ಒಂದು ದಿನ ತಿಳಿಸಲೇಬೇಕು. ಮೇಡಂ ಅದನ್ನು ಓದಲಿಲ್ಲ. ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅದನ್ನು ನೋಡಿಯೇ ಅಕ್ಕನಿಗೆ ಅರ್ಥವಾಯಿತು.

"ಎಷ್ಟು ಹೊತ್ತು?" ಎಂದಳು.

ಅವಳು ಚೀರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೊರಳಿನಿಂದ ಟೇಪು ತೆಗೆದು, ಸುರುಳಿ ಸುತ್ತಿ, ಯಂತ್ರದ ಮೇಲಿಟ್ಟಳು. ಸೂಜಿಯಿಂದ ದಾರ ಕಳಚಿದಳು. ಅರ್ಧ ಹೊಲಿದ ಯೂನಿಫಾರಂ ಮಡಿಸಿದಳು. ಆಮೇಲೆ ತಾನಾಗಿಯೇ ಎದ್ದು ಜೀಪಿನ ಕಡೆ ನಡೆದಳು.

*

ಬಡಗಿಯನ್ನು ಅಂದೇ ಬಿಟ್ಟರು. ಅವನು ಹೊಸ ಊರಿಗೆ ಹೋಗಲಿ ಎಂದು ನಾನು ಬಯಸಿದ್ದೆ. ಹೋಗಲಿಲ್ಲ. ಒಂದು ವಾರದ ಮೇಲೆ ಮರದ ಪೆಟ್ಟಿಗೆ ಹೊತ್ತು ಕ್ಲಿನಿಕ್ಕಿಗೆ ಬಂದ.

"ಇನ್ನೊಂದು ಸಲ ಬಡಿದಿದ್ರೆ ಬಾಗಿಲು ತೆಗೀತಿದ್ರೇನೋ ಸರ್," ಎಂದ. ಪ್ರತಿ ಸಲ ಬಂದಾಗಲೂ ಅದನ್ನೇ ಹೇಳುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಮ್ಮ ಮೂವರ ಒಲೆಯೂ ಹಾಗೇ ಉರಿಯುತ್ತಿದೆ. ಅಕ್ಕನಿಗೆ ಆ ಎಂಬತ್ತೈದು ನಿಮಿಷ. ಇವನಿಗೆ ಒಂದು ಬಾಗಿಲು. ನನಗೆ ಹೆಣದ ಪಕ್ಕ ನಿಂತು ಅಕ್ಕನ ಸುಳ್ಳನ್ನು ಕೇಳಿಯೂ ಸುಮ್ಮನಾದದ್ದು. ಆಗಲೇ ಪ್ರಶ್ನಿಸಿದ್ದರೂ ಹುಡುಗಿ ಬದುಕುತ್ತಿರಲಿಲ್ಲ, ಗೊತ್ತು. ಗೊತ್ತಿದ್ದರಿಂದ ಏನೂ ಕಡಿಮೆಯಾಗಿಲ್ಲ.

ಜೈಲಿನಿಂದ ತಿಂಗಳಿಗೊಂದು ಕಾಗದ ಬರುತ್ತದೆ. ಎರಡೇ ಸಾಲು: ಗುಂಡಿ ತಿನ್ನುತ್ತಿದೆಯೇ, ತೂಕ ಎಷ್ಟು. ನಾನೂ ಎರಡೇ ಸಾಲು ಬರೆಯುತ್ತೇನೆ. ಕಳೆದ ತಿಂಗಳು ನೂರಾ ನಾಲ್ಕು ಗ್ರಾಂ.

ನನ್ನ ಹಾಳೆ ಈಗ ಕೋರ್ಟಿನ ಸಾಕ್ಷಿಗಳ ಕಪಾಟಿನಲ್ಲಿದೆ. ಹೊಸದಾಗಿ ಆಮೆಮರಿ ತಂದವರಿಗೆ ನಾನು ಹಾಳೆ ಕೊಡುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಬಾಯಲ್ಲೇ ಹೇಳುತ್ತೇನೆ. ಮಣ್ಣು, ತೇವ, ದೀಪ, ನೀರು, ಸ್ನಾನ, ಸೊಪ್ಪು. ಎಂಟರವರೆಗೆ ಸಲೀಸಾಗಿ ಬರುತ್ತದೆ. ಒಂಬತ್ತಕ್ಕೆ ಬಂದಾಗ ನೀರು ಕುಡಿಯಬೇಕೆನಿಸುತ್ತದೆ. ಎದ್ದು ಹೋಗಿ ಕುಡಿದು ಬಂದು, ಅದನ್ನೂ ಹೇಳುತ್ತೇನೆ.